ಹಿರ್ಯಾನ ನಳಿಕೆಗಳಿದ್ದ ಬೇಸಿಗೆ

ಮೊನ್ನೆ ಧಾರವಾಡದಲ್ಲಿ ಸೀರೆಗೆ ಫಾಲ್ ಹಚ್ಚಿಸಲು ಒಬ್ಬ ಟೇಲರಮ್ಮನ ಅಂಗಡಿಗೆ ಹೋಗಿದ್ದೆ. ಮಾರ್ಚ್ ತಿಂಗಳು ಅರ್ಧವೂ ಮುಗಿದಿರಲಿಲ್ಲ, ಅಷ್ಟರಲ್ಲೇ ಆಕೆ ಹೊಸ ಕೂಲರ್ ತಂದು ಬಾಗಿಲ ಬಳಿ ಇಟ್ಟಿದ್ದರು. ಗುಂಡಿ ಒತ್ತಿದ್ದೇ ತಡ, ಒದ್ದೆ ಲಾವಂಚದ ವಾಸನೆ ಅಂಗಡಿ ತುಂಬ ಹರಡಿತು. ಕುಳಿತಿದ್ದ ಹೆಂಗಸರೆಲ್ಲ ಗಾಳಿಗೆ ಮುಖ ಒಡ್ಡಿದರು. ನಾನೊಬ್ಬಳೇ ಕುರ್ಚಿ ಎಳೆದುಕೊಂಡು ಬದಿಗೆ ಸರಿದೆ. ಸಾಲದ್ದಕ್ಕೆ ಕೈಯಲ್ಲಿದ್ದ ಕನ್ನಡಕವನ್ನು ಸೆರಗಿನಿಂದ ಮುಚ್ಚಿಕೊಂಡೆ. ಯಾಕ್ರೀ, ತಂಪು ಆಗಿ ಬರೂದಿಲ್ಲೇನು ಎಂದು ಟೇಲರಮ್ಮ ಕೇಳಿದರು. ಹಾಗೇನಿಲ್ಲ ಎಂದೆ. ನಾಗಪುರದ ಆ ಒಂದು ಬೇಸಿಗೆಯ ಸಂಗತಿ ಫಾಲ್ ಹಚ್ಚುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಆಗ ನನ್ನ ಯಜಮಾನರಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾಗಿತ್ತು. ನಾನು ಪಶುವೈದ್ಯಕೀಯ ಓದಿದವಳು. ಕ್ವಾರ್ಟರ್ಸಿನಲ್ಲಿ ಕುಳಿತು ಮಾಡುವುದೇನು ಎಂದು ಕೆಲಸ ಹುಡುಕಿದಾಗ ಸಿಕ್ಕಿದ್ದು ಉಮರೇಡ್ ರಸ್ತೆಯ ಒಂದು ಕೇಂದ್ರದಲ್ಲಿ ಎರಡು ವರ್ಷದ ಗುತ್ತಿಗೆ. ಒಳ್ಳೆಯ ತಳಿಯ ಹೋರಿಗಳ ವೀರ್ಯವನ್ನು ಸಂಗ್ರಹಿಸಿ, ಸಣ್ಣ ಪ್ಲಾಸ್ಟಿಕ್ ನಳಿಕೆಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿ, ಹಳ್ಳಿಗಳ ದನಗಳಿಗೆ ಕಳಿಸುವ ಕೇಂದ್ರ ಅದು. ಹೊರಗೆ ಹೋಗುವ ಮುನ್ನ ಆ ನಳಿಕೆಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಊರಿನಿಂದ ಫೋನ್ ಬಂದಾಗ ನನ್ನ ಅತ್ತೆ ‘ಲ್ಯಾಬಿನಾಗ ದೊಡ್ಡ ಕೆಲಸ’ ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದರು. ಏನು ಕೆಲಸ ಎಂದು ಯಾರಾದರೂ ಒತ್ತಿ ಕೇಳಿದರೆ ಒಲೆಯ ಮೇಲೆ ಹಾಲು ಇದೆ ಎಂದು ಫೋನ್ ಇಟ್ಟುಬಿಡುತ್ತಿದ್ದರು.

ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು ಶಂಕ್ರೆಪ್ಪ ಕಾಕಾ. ಇಂಡಿ ಕಡೆಯ ಹಳ್ಳಿಯವರು. ಹದಿನೆಂಟಕ್ಕೇ ಸೈನ್ಯ ಸೇರಿ, ಕುದುರೆ ಹೇಸರಗತ್ತೆಗಳ ಆರೈಕೆ ಮಾಡಿ, ನಿವೃತ್ತರಾದ ಮೇಲೆ ನಾಗಪುರದ ಪಕ್ಕದ ಕಾಮಠಿಯಲ್ಲೇ ಮನೆ ಮಾಡಿಕೊಂಡು ಈ ಕೇಂದ್ರದಲ್ಲಿ ಟೆಕ್ನಿಶಿಯನ್ ಆಗಿದ್ದವರು. ಅವರ ಕನ್ನಡದಲ್ಲಿ ಅರ್ಧ ಮರಾಠಿ, ಕಾಲು ಭಾಗ ಹಿಂದಿ. ಆದರೂ ನಾನು ಹೋದ ಮೊದಲ ದಿನ, ಬಹಳ ವರ್ಷಕ್ಕೆ ಕನ್ನಡ ಕಿವಿಗೆ ಬಿತ್ತು ನೋಡ್ರಿ ಎಂದು ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಿದ್ದರು.

ಅವತ್ತೇ ಅವರು ನನಗೆ ಮೊದಲ ನಳಿಕೆ ತೋರಿಸಿದ್ದು. ಕಂಟೇನರ್ ಮುಚ್ಚಳ ತೆಗೆದರೆ ಬಿಳಿ ಹೊಗೆ ಕೆಳಗಿಳಿದು ನೆಲದ ಮೇಲೆ ಹರಿಯುತ್ತಿತ್ತು. ಒಳಗೆ ದ್ರವ ನೈಟ್ರೋಜನ್, ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ. ಕಾಕಾ ಚಿಮುಟದಿಂದ ಒಂದು ನಳಿಕೆ ಎತ್ತಿ ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟರು. ಆಮೇಲೆ ಒರೆಸಿದರು. ಒರೆಸಿದರು ಅಂದರೆ ಎಳೆ ಮಗುವಿನ ಕಿವಿ ಒರೆಸುವ ಹಾಗೆ, ಮೂರು ಸಲ, ಒಣ ಬಟ್ಟೆಯಿಂದ. ಒಂದು ಹನಿ ನೀರು ಒಳಗೆ ಸೇರಿದರೂ ವೀರ್ಯಾಣುಗಳು ನೀರು ಕುಡಿದು ಉಬ್ಬಿ, ಬಾಲ ಸುತ್ತಿಕೊಂಡು ನಿಂತುಬಿಡುತ್ತವೆ ಎಂದು ತಿಳಿಸಿ ಹೇಳಿದರು. ತುದಿ ಕತ್ತರಿಸಿ, ಒಂದು ತೊಟ್ಟು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಮೈಕ್ರೋಸ್ಕೋಪ್ ನನ್ನ ಕಡೆ ತಿರುಗಿಸಿದರು.

ಕಾಲೇಜಿನಲ್ಲಿ ನಾನು ಇದನ್ನು ನೋಡಿರಲಿಲ್ಲ ಅಂತಲ್ಲ. ಮೂವತ್ತು ಜನ ಸಾಲಿನಲ್ಲಿ ನಿಂತು, ಒಬ್ಬೊಬ್ಬರು ಒಂದೊಂದು ಕ್ಷಣ ಇಣುಕಿ, ಆಯಿತು ಆಯಿತು ಎಂದು ಮುಂದೆ ಹೋಗಿದ್ದೆವು. ಇಲ್ಲಿ ಹಿಂದಿನಿಂದ ದೂಡುವವರು ಇರಲಿಲ್ಲ. ನೋಡುತ್ತ ಕುಳಿತೆ. ಒಂದು ನಿಮಿಷದ ಹಿಂದೆ ಕಲ್ಲಿನ ಹಾಗಿದ್ದದ್ದು, ನಳಿಕೆಯ ಮೇಲೆ ಅಚ್ಚಾದ ತಾರೀಖಿನ ಪ್ರಕಾರ ಒಂಬತ್ತು ವರ್ಷ ಉಸಿರಾಡದೆ ಬಿದ್ದುಕೊಂಡಿದ್ದದ್ದು, ಈಗ ಸಾವಿರಾರು ಬಾಲ ಬೀಸಿಕೊಂಡು ಎಲ್ಲಿಗೋ ಹೊರಟಿತ್ತು. ಅವುಗಳಿಗೆ ಒಂಬತ್ತು ವರ್ಷ ಕಳೆದದ್ದು ಗೊತ್ತೇ ಇರಲಿಲ್ಲ. ಎಷ್ಟು ಹೊತ್ತು ನೋಡಿದೆನೋ, ಕೊನೆಗೆ ಕಾಕಾ ಕೆಮ್ಮಿದರು.

“ಹಂಗ ನೋಡಕೋತ ಕುಂತರ ಪಗಾರ ಯಾರ ಕೊಡತಾರ?” ಎಂದರು. “ಮೊದಲ ಚೀಟಿ ಬರೀರಿ, ಡಾಕ್ಟರಬಾಯಿ. ಮಾತು ಆಮ್ಯಾಲೆ.”

ಚೀಟಿ ಅವರೇ ಹಾಕಿಕೊಂಡ ಕಟ್ಟುನಿಟ್ಟು. ನೂರರಲ್ಲಿ ಎಷ್ಟು ವೀರ್ಯಾಣುಗಳು ನೆಟ್ಟಗೆ ಮುಂದಕ್ಕೆ ಈಜುತ್ತಿವೆ ಎಂದು ಕಣ್ಣಂದಾಜಿನಲ್ಲಿ ಹೇಳಬೇಕು. ಐವತ್ತಿದ್ದರೆ ಪಾಸು, ಕಡಿಮೆಯಾದರೆ ಆ ನಳಿಕೆಯ ಜೊತೆ ತುಂಬಿದ ರಾಶಿಯೆಲ್ಲ ರದ್ದು. ಇಬ್ಬರು ನೋಡಬೇಕು, ಮಾತಾಡಬಾರದು, ಮುಖ ನೋಡಿಕೊಳ್ಳಬಾರದು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಚೀಟಿಯಲ್ಲಿ ಅಂಕಿ ಬರೆದು ಬೋರಲು ಹಾಕಿದ ಗಾಜಿನ ಲೋಟದ ಕೆಳಗೆ ತಳ್ಳಬೇಕು. ಕಾಕಾ ಕನ್ನಡದ ಅಂಕಿಯನ್ನೇ ಬರೆಯುತ್ತಿದ್ದರು. ಅವರಿಗಾಗಿ ನಾನೂ ಹಾಗೇ ಬರೆಯತೊಡಗಿದೆ. ಮೊದಲ ತಿಂಗಳು ನಮ್ಮ ಅಂಕಿಗಳಿಗೆ ಅಜಗಜಾಂತರ. ಮಾರ್ಚ್ ಹೊತ್ತಿಗೆ ಐದರ ಮೇಲೆ ವ್ಯತ್ಯಾಸ ಬರುತ್ತಿರಲಿಲ್ಲ. ನನಗೆ ಸ್ವಲ್ಪ ಕೊಂಬೂ ಬಂದಿತ್ತು ಎನ್ನಬೇಕು.

ಕೇಂದ್ರದ ಹೋರಿಗಳಲ್ಲೆಲ್ಲ ಹಿರಿಯ ಹಿರ್ಯಾ. ಮರಾಠಿಯಲ್ಲಿ ಹಾಗೆಂದರೆ ವಜ್ರ. ಗವಳಾವು ಎಂಬ ವಿದರ್ಭದ್ದೇ ತಳಿ, ಅಚ್ಚ ಬಿಳುಪು, ಉದ್ದ ಮುಖ. ಆ ತಳಿಯ ಶುದ್ಧ ಹೋರಿಗಳು ಹಳ್ಳಿಗಳಲ್ಲಿ ಹುಡುಕಿದರೂ ಸಿಗದಂತಾಗಿದ್ದವು. ಹಿರ್ಯಾಗೆ ವಯಸ್ಸಾಗಿ ಎರಡು ವರ್ಷದಿಂದ ವೀರ್ಯ ತೆಗೆಯುವುದನ್ನು ನಿಲ್ಲಿಸಿದ್ದರು. ಅವನನ್ನು ಕರುವಿನಿಂದ ಸಾಕಿದವನು ನಾಮದೇವ. ಬಿಸಿಲು ಏರಿದ ಹಾಗೆ ಹಿರ್ಯಾಗೆ ದಮ್ಮು ಬರುತ್ತಿತ್ತು. ಹೊತ್ತು ತಿರುಗಿದಂತೆ ನಾಮದೇವ ಅವನನ್ನು ಬೇವಿನ ಮರದ ನೆರಳಿನ ಜೊತೆಗೇ ಸರಿಸಿ ಸರಿಸಿ ಕಟ್ಟುತ್ತಿದ್ದ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಹಿರ್ಯಾ ಏಳಲಿಲ್ಲ. ಮೂರನೇ ದಿನ ನಾಮದೇವ ಮೀಸೆ ಬೋಳಿಸಿಕೊಂಡು ಕೆಲಸಕ್ಕೆ ಬಂದ. ತಂದೆ ಸತ್ತವರು ಬೋಳಿಸುವ ಹಾಗೆ. ತಮಾಷೆ ಮಾಡುವುದರಲ್ಲಿ ಎತ್ತಿದ ಕೈಯಾದ ಆಫೀಸಿನ ಕ್ಲರ್ಕು ಕೂಡ ಅವತ್ತು ತಾನೇ ಅವನಿಗೆ ಚಹಾ ತಂದುಕೊಟ್ಟ.

ಹಿರ್ಯಾನದು ಅಂತ ಉಳಿದದ್ದು ಒಂದು ಹಳೆಯ ಕಂಟೇನರಿನಲ್ಲಿದ್ದ ನಾನೂರು ಚಿಲ್ಲರೆ ನಳಿಕೆಗಳು, ಅಷ್ಟೆ. ಮೇ ಮೂರನೇ ವಾರ ಕಾಕಾ ಅದರಲ್ಲಿ ಅಳತೆಯ ಕಡ್ಡಿ ಇಳಿಸಿ ಎತ್ತಿ ನೋಡಿದರು. ನೈಟ್ರೋಜನ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕಡ್ಡಿಗೆ ಹಿಮ ಹಿಡಿಯುತ್ತದೆ. ಹಿಮ ಗುರುತಿಗಿಂತ ಬಹಳ ಕೆಳಗಿತ್ತು. ಕಂಟೇನರ್ ಚಳಿ ಹಿಡಿದಿಡಲಾಗದೆ ಒಳಗೊಳಗೇ ಸೋತಿತ್ತು. ಮೇಲಿನ ನಳಿಕೆಗಳಿಗೆ ಬಿಸಿ ತಾಗಿದ್ದರೆ ಎಲ್ಲ ಮುಗಿದ ಹಾಗೆ. ನೈಟ್ರೋಜನ್ ತುಂಬಿ, ಬೇರೆ ಕಂಟೇನರಿಗೆ ಸಾಗಿಸಿ, ಮುಖ್ಯಸ್ಥೆ ದೇಶಮುಖ ಮೇಡಂಗೆ ಹೇಳಿದೆವು. ಅವರು ಯೋಚಿಸಿ, ಬೇರೆ ಹೋರಿಯದಾದರೆ ಒಂದೇ ಪರೀಕ್ಷೆ ಸಾಕು, ಇದಕ್ಕೆ ಮೂರು ಮಾಡಿ, ಮೂರೂ ಸಲ ಬಿದ್ದರೆ ಮಾತ್ರ ರದ್ದು ಮಾಡೋಣ ಎಂದರು. ಕಿಟಕಿಯ ಹೊರಗೆ ನಾಮದೇವ ನಿಂತು ಕೇಳಿಸಿಕೊಳ್ಳುತ್ತಿದ್ದ.

ಇಲ್ಲಿ ನಾನು ಕೂಲರಿನ ಕತೆ ಹೇಳಬೇಕು. ಧಾರವಾಡದ ತಂಪಿನಲ್ಲಿ ಬೆಳೆದವಳಿಗೆ ನಾಗಪುರದ ಮೇ ಅಂದರೆ ಏನೆಂದು ಯಾರೂ ಮೊದಲೇ ಹೇಳಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ರಸ್ತೆ ಖಾಲಿ. ಓಡಾಡುವ ಹೆಂಗಸರು ಕಣ್ಣು ಬಿಟ್ಟು ಉಳಿದ ಮುಖವೆಲ್ಲ ದುಪಟ್ಟಾದಲ್ಲಿ ಸುತ್ತಿಕೊಂಡಿರುತ್ತಿದ್ದರು. ನಲ್ಲಿಯ ನೀರು ಕೈ ಸುಡುತ್ತಿತ್ತು. ತಿಂಗಳ ಕೊನೆಯ ಒಂಬತ್ತು ದಿನಗಳಿಗೆ ಅಲ್ಲಿ ನವತಪಾ ಎಂದೇ ಹೆಸರು. ನಾನು ದಿನಾ ಬೈದೆ, ಮುಖ ಊದಿಸಿಕೊಂಡೆ, ಒಂದು ದಿನ ಮೇಜಿನ ಮೇಲೆ ತಲೆಸುತ್ತಿ ಬಿದ್ದೂ ಬಿಟ್ಟೆ. ಹೆದರಿದ ಕ್ಲರ್ಕು ಸಂಜೆಯೊಳಗೆ ಲಾವಂಚದ ದೊಡ್ಡ ಕೂಲರ್ ತರಿಸಿ ಕಿಟಕಿಗೆ ಕೂರಿಸಿದ. ಎಲ್ಲಿಗೆ ತಿರುಗಿಸಲಿ ಎಂದು ಕೇಳಿದ. ನೇರ ನನ್ನ ಮೇಜಿಗೆ ಎಂದೆ. ಕಾಕಾ ಏನೋ ಹೇಳಹೊರಟು ನನ್ನ ಮುಖ ನೋಡಿ ಸುಮ್ಮನಾದರು. ಅವತ್ತಿನಿಂದ ನಾನು ರಾಣಿ.

ಹಿರ್ಯಾನ ಮೊದಲ ಪರೀಕ್ಷೆ ಬುಧವಾರ. ಲೋಟ ಎತ್ತಿದಾಗ ನನ್ನ ಚೀಟಿಯಲ್ಲಿ ೩೦, ಕಾಕಾ ಅವರದರಲ್ಲಿ ೩೫. ಬಹಳ ವೀರ್ಯಾಣುಗಳು ಬಾಲ ಸುತ್ತಿಕೊಂಡು ನಿಂತಿದ್ದವು. ಕಂಟೇನರ್ ಸೋತದ್ದರ ಪೆಟ್ಟು ಎಂದು ಬರೆದೆ. ಗುರುವಾರ ಮತ್ತೆ ಅದೇ ೩೦. ಆ ತಿಂಗಳು ಬೇರೆ ಹೋರಿಗಳ ಅಂಕಿಯೂ ಸ್ವಲ್ಪ ಇಳಿದಿತ್ತು. ಎರಡು ರಾಶಿಗಳು ಐವತ್ತರ ಕೆಳಗೆ ಬಿದ್ದು, ಅವುಗಳನ್ನು ನಾನೇ ರದ್ದು ಮಾಡಿ ಸಹಿ ಹಾಕಿದ್ದೆ. ಹೋರಿಗಳಿಗೂ ಬಿಸಿಲು ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ರದ್ದಾದ ನಳಿಕೆಗಳನ್ನು ಅಂಗಳದಲ್ಲಿ ತಗಡಿನ ಮೇಲೆ ಸುರಿಯುತ್ತಿದ್ದರು. ಒಂದು ಕ್ಷಣ ಬಿಳಿ ಹೊಗೆ ಏಳುತ್ತಿತ್ತು, ಅಷ್ಟೆ. ಗುರುವಾರ ಸಂಜೆ ನಾನು ಹೊರಟಾಗ ನಾಮದೇವ ಆ ಖಾಲಿ ತಗಡಿನ ಹತ್ತಿರ ನಿಂತಿದ್ದ. ಅವನು ಏನಾದರೂ ಕೇಳಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಮೂರನೆಯದು, ಕೊನೆಯದು. ಮಧ್ಯಾಹ್ನ ಎರಡು ಗಂಟೆ. ಕಾಕಾ ನಳಿಕೆ ಎತ್ತಿ ಬೆಚ್ಚನೆಯ ನೀರಿಗೆ ಬಿಟ್ಟರು. ನಾನು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತೈದು ಎಣಿಸುವಷ್ಟರಲ್ಲಿ ಅಂಗಳದ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಕೂಲರ್ ಗುರುಗುಟ್ಟಿ ನಿಂತಿತು. ಮೈಕ್ರೋಸ್ಕೋಪಿನ ದೀಪ ಆರಿತು. ಮೌದಾದ ವಿದ್ಯುತ್ ಸ್ಥಾವರದ ಹೊಗೆ ಕೊಳವೆಗಳನ್ನು ದಿನಾ ದೂರದಿಂದ ನೋಡುವ ಊರಿನಲ್ಲಿ ನಮ್ಮ ಅಂಗಳಕ್ಕೆ ಮಾತ್ರ ಕರೆಂಟಿಲ್ಲ. ನಾನು ಕೈಚೆಲ್ಲಿ, ನಾಳೆ ನೋಡೋಣ ಕಾಕಾ ಎಂದೆ. ಅವರು ತಲೆಯಾಡಿಸಿದರು. ಮೇಡಂ ಮೂರು ಪರೀಕ್ಷೆ ಎಂದಿದ್ದರು, ಇದು ಮೂರನೆಯದು, ಇದನ್ನು ನೋಡದೆ ಬಿಟ್ಟರೆ ಹಿರ್ಯಾಗೆ ಮೋಸ ಮಾಡಿದ ಹಾಗೆ ಎಂಬುದು ಅವರ ಲೆಕ್ಕ.

“ಕರಗೇತಿ. ಈಗ ಇದನ್ನ ತಿರುಗಿ ಒಳಗ ಇಡಾಕ ಬರೂದಿಲ್ಲ,” ಎಂದರು. “ನೀರಿನ ಲೋಟಾ ತಗೊಂಡು ಸ್ಟೋರಿಗೆ ಬರ್ರಿ. ಜಲ್ದಿ.”

ಪಕ್ಕದ ಸ್ಟೋರ್ ರೂಮಿನಲ್ಲಿ ಕೂಲರೂ ಇಲ್ಲ, ಫ್ಯಾನೂ ಇಲ್ಲ. ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದಂತೆ. ಕಪಾಟಿನಿಂದ ಕಾಕಾ ತಮ್ಮ ಹಳೆಯ ಹಿತ್ತಾಳೆಯ ಮೈಕ್ರೋಸ್ಕೋಪ್ ತೆಗೆದರು. ದೀಪದ ಬದಲು ಕೆಳಗೊಂದು ಕನ್ನಡಿ ಇರುವಂಥದ್ದು. ಪ್ರತಿ ಆಯುಧಪೂಜೆಗೆ ಅದಕ್ಕೆ ಅವರೇ ಪೂಜೆ ಮಾಡುತ್ತಿದ್ದರಿಂದ ಬುಡದಲ್ಲಿ ಕುಂಕುಮ ಹತ್ತಿತ್ತು. ಅದೇ ಕಪಾಟಿನಿಂದ ಗಾಜಿನ ಪಟ್ಟಿ ತೆಗೆದರು. ಕಿಟಕಿಯ ಹೊರಗಿನ ಬಿಳಿ ಗೋಡೆಯ ಮೇಲೆ ಬಿದ್ದ ಬಿಸಿಲನ್ನು ಕನ್ನಡಿಗೆ ಹಿಡಿದರು. ನಳಿಕೆಯನ್ನು ಒರೆಸಿ, ಕತ್ತರಿಸಿ, ಒಂದು ತೊಟ್ಟು ಬಿಟ್ಟರು. ತಾವು ನೋಡಿದರು. ಅವರ ಬೆನ್ನು ನೆಟ್ಟಗಾಗಲು ಬಹಳ ಹೊತ್ತು ಹಿಡಿಯಿತು. ಚೀಟಿ ಬರೆದು ಮಡಚಿ ಮುಷ್ಟಿಯಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದರು.

ನಾನು ಬಗ್ಗಿದೆ. ಹಣೆಯ ಬೆವರು ರೆಪ್ಪೆಗೆ ಇಳಿಯುತ್ತಿತ್ತು, ಒರೆಸಿಕೊಂಡು ಮತ್ತೆ ಬಗ್ಗಿದೆ. ಬಂಗಾರದ ಬಣ್ಣದ ಬೆಳಕು. ಅದರೊಳಗೆ ಅವು ಹೋಗುತ್ತಿದ್ದವು. ಕಣ್ಣಿನ ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ, ಒಂದನ್ನೊಂದು ದಾಟಿಕೊಂಡು, ತಡೆಯೇ ಇಲ್ಲದೆ. ಮಣ್ಣಿಗೆ ಹೋದ ಹೋರಿಯೊಂದು ಈ ಒಂದು ತೊಟ್ಟಿನೊಳಗೆ ಹೊರಟು ನಿಂತಿತ್ತು. ಪ್ರಾಣ ಎಂದು ನಾವು ಸುಮ್ಮನೆ ಹೇಳುತ್ತೇವಲ್ಲ, ಅದು ಎಷ್ಟು ಚಿಕ್ಕದು, ಎಷ್ಟು ಹಟಮಾರಿ ಎಂದು ನನಗೆ ಗೊತ್ತಾದದ್ದು ಆ ಸ್ಟೋರ್ ರೂಮಿನಲ್ಲಿ. ಗೋಡೆಯ ಥರ್ಮಾಮೀಟರ್ ಮೂವತ್ತೆಂಟೂವರೆ ತೋರಿಸುತ್ತಿತ್ತು. ಅದು ಹಸುವಿನ ಮೈಯ ಬಿಸಿ. ಎರಡು ತಿಂಗಳಿನಿಂದ ನಾನು ಶಾಪ ಹಾಕುತ್ತಿದ್ದ ನಾಗಪುರದ ಕಾವು, ಹಸುವಿನ ಹೊಟ್ಟೆಯೊಳಗಿನ ಕಾವೇ ಆಗಿತ್ತು.

ಚೀಟಿ ಇಡುವ ಗಾಜಿನ ಲೋಟ ಅಲ್ಲಿರಲಿಲ್ಲ. ಕೈಯಲ್ಲೇ ಚೀಟಿ ಬಿಚ್ಚಿದೆವು. ನನ್ನದು ೫೫. ಕಾಕಾ ಅವರದು ೬೦.

“ಬಾಲ ನೋಡಿದ್ರೇನು?” ಎಂದು ಕಾಕಾ ಕೇಳಿದರು. “ಸುತಗೊಂಡಾವೇನು ನಿನ್ನಿನ ಹಂಗ?”

ಸುತ್ತಿಕೊಂಡಿರಲಿಲ್ಲ. ಎಲ್ಲೋ ನಾಲ್ಕಾರು, ಅಷ್ಟೆ. ಕಾಕಾ ಸೀದಾ ಲ್ಯಾಬಿಗೆ ನಡೆದು, ನನ್ನ ಮೇಜಿನ ಮೇಲೆ ತೆರೆದಿಟ್ಟಿದ್ದ ಗಾಜಿನ ಪಟ್ಟಿಗಳ ಪೆಟ್ಟಿಗೆಯ ಮೇಲೆ ಬೆರಳಾಡಿಸಿದರು. ಬೆರಳನ್ನು ನನಗೆ ತೋರಿಸಿದರು. ಒದ್ದೆ. ಕೂಲರಿನ ಗಾಳಿಯೊಂದಿಗೆ ಕಣ್ಣಿಗೆ ಕಾಣದ ನೀರಿನ ತುಂತುರು ಮೂರು ವಾರದಿಂದ ಆ ಪಟ್ಟಿಗಳ ಮೇಲೆ ಬಂದು ಕೂರುತ್ತಿತ್ತು. ನಳಿಕೆಯನ್ನು ಮೂರು ಸಲ ಒರೆಸಿ, ಒಳಗಿನ ತೊಟ್ಟನ್ನು ನೀರಿನ ಮೇಲೆಯೇ ಬಿಡುತ್ತಿದ್ದೆವು. ಕಂಟೇನರ್ ಅವುಗಳನ್ನು ಕೊಂದಿರಲಿಲ್ಲ. ಮೈಕ್ರೋಸ್ಕೋಪಿನ ಕೆಳಗೆ, ನಮ್ಮ ಕಣ್ಣೆದುರಿಗೇ, ಅವುಗಳನ್ನು ಮುಳುಗಿಸುತ್ತಿದ್ದವಳು ನಾನು.

ಆಗ ನೆನಪಾಯಿತು, ಹಿರ್ಯಾನ ತೊಟ್ಟು ಇನ್ನೂ ಸ್ಟೋರ್ ರೂಮಿನಲ್ಲಿದೆ. ಕಿಟಕಿಯ ಹೊರಗೆ, ನೆತ್ತಿ ಸುಡುವ ಬಿಸಿಲಿನಲ್ಲಿ, ನಾಮದೇವ ನಿಂತಿದ್ದ. ಕಾಕಾ ಅವನನ್ನು ಒಳಗೆ ಕರೆದರು. ಹನ್ನೆರಡು ವರ್ಷ ಅದೇ ಅಂಗಳದಲ್ಲಿ ಕೆಲಸ ಮಾಡಿದರೂ ಅವನು ಒಮ್ಮೆಯೂ ಲ್ಯಾಬಿನ ಹೊಸ್ತಿಲು ದಾಟಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಟೊಪ್ಪಿಗೆ ತೆಗೆದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದ. ಮೊದಲು ತನ್ನ ರೆಪ್ಪೆಯನ್ನೇ ನೋಡಿದನೇನೋ, ಕಾಕಾ ಅವನ ತಲೆಯನ್ನು ಮೆಲ್ಲಗೆ ಸರಿಪಡಿಸಿದರು. ಆಮೇಲೆ ಅವನು ಅಲುಗಾಡಲಿಲ್ಲ. ಉಸಿರು ಬಿಟ್ಟರೆ ಅವಕ್ಕೆ ತಾಗೀತು ಎಂಬಂತೆ ಬಿಗಿಹಿಡಿದಿದ್ದ. ಎದ್ದಾಗ ಕಣ್ಣುಗಳು ಕೆಂಪಾಗಿದ್ದವು. ಕನ್ನಡಿಯಲ್ಲಿ ಹೊಳೆಯುತ್ತಿದ್ದ ಬಿಸಿಲನ್ನು ನೋಡಿ, ಮರಾಠಿಯಲ್ಲಿ, ಸ್ವಲ್ಪ ಸಿಟ್ಟಿನಿಂದಲೇ ನನಗೆ ಹೇಳಿದ. ನನ್ನ ಕನ್ನಡದಲ್ಲಿ ಅದು ಹೀಗೆ ಉಳಿದಿದೆ.

“ಬಿಸಲಾಗ ಯಾಕ ಇಟ್ಟೀರಿ? ಅವಗ ಬಿಸಲು ತಡೀತಿದ್ದಿಲ್ಲ. ನೆರಳಿಗೆ ತಗೋರಿ.”

ಕಾಕಾ ಮುಖ ಆ ಕಡೆ ತಿರುಗಿಸಿದರು. ನಾನು ಕನ್ನಡಿಯನ್ನು ಗೋಡೆಯಿಂದ ಸ್ವಲ್ಪ ಓರೆ ಮಾಡಿದೆ. ಅದರಿಂದ ಪ್ರಯೋಜನವೇನೂ ಇರಲಿಲ್ಲ, ಆದರೂ ಮಾಡಿದೆ.

ಸಂಜೆ ಕರೆಂಟು ಬಂದ ಮೇಲೆ ಮೇಡಂ ಎದುರಿಗೇ ಇನ್ನೆರಡು ನಳಿಕೆ ಕರಗಿಸಿದೆವು. ಒಂದರ ತೊಟ್ಟು ಕೂಲರಿನ ಮುಂದಿನ ಪಟ್ಟಿಯ ಮೇಲೆ, ಇನ್ನೊಂದರದು ಕಪಾಟಿನ ಒಣ ಪಟ್ಟಿಯ ಮೇಲೆ. ಮೇಡಂ ಕೂಡ ಚೀಟಿ ಬರೆದರು. ಒಣ ಪಟ್ಟಿಗೆ ಮೂವರದೂ ಐವತ್ತರ ಮೇಲೆ. ಒದ್ದೆ ಪಟ್ಟಿಗೆ ಮೂವತ್ತು. ಹಿರ್ಯಾ ಉಳಿದ. ಮೇಡಂ ನನ್ನನ್ನು ಹತ್ತು ನಿಮಿಷ ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡರು. ಕಾಕಾ ನಡುವೆ ಬಂದು, ಪೆಟ್ಟಿಗೆಯ ಮುಚ್ಚಳ ಮುಚ್ಚಿಸಬೇಕಾಗಿದ್ದವನು ತಾನು ಎಂದರು. ನಾನು ಒಪ್ಪಲಿಲ್ಲ. ಕೂಲರ್ ನನ್ನ ಕಡೆ ತಿರುಗಿಸಿ ಎಂದವಳು ನಾನು, ಬಾಲ ಸುತ್ತಿಕೊಂಡದ್ದನ್ನು ಕಂಡೂ ಬೇರೆ ಕಾರಣ ಬರೆದವಳೂ ನಾನು. ನಡೆದದ್ದನ್ನೆಲ್ಲ ಕೈಯಾರೆ ಬರೆದು ಸಹಿ ಹಾಕಿದೆ. ತಗಡಿನ ಮೇಲೆ ಸುರಿದ ಆ ಎರಡು ರಾಶಿಗಳು ಮಾತ್ರ ಹೋದವು. ಆ ಹೋರಿಗಳು ಇನ್ನೂ ಬದುಕಿವೆ, ಮತ್ತೆ ಸಂಗ್ರಹಿಸಬಹುದು ಎಂದು ಕಾಕಾ ಸಮಾಧಾನ ಮಾಡಿದರು. ಈಜುತ್ತ ಹೋಗಬಹುದಾಗಿದ್ದವುಗಳನ್ನು ನಾನು ಬಿಸಿಲಿಗೆ ಸುರಿಸಿದ್ದೆ ಎಂಬುದು ಈಗಲೂ ಚುಚ್ಚುತ್ತದೆ.

ಅವತ್ತೇ ಕೂಲರ್ ಕ್ಲರ್ಕಿನ ಕೋಣೆಗೆ ಹೋಯಿತು. ನವತಪಾದ ಒಂಬತ್ತು ದಿನವೂ ನಾನು ಸ್ಟೋರ್ ರೂಮಿನ ಬಿಸಿಯಲ್ಲೇ ಕುಳಿತು, ಕಪಾಟಿನ ಪಟ್ಟಿಗಳ ಮೇಲೆ, ಮೂರು ವಾರದ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದೆ. ಮನೆಗೆ ಹೋದರೆ ಯಜಮಾನರು, ಇದೇನು ಇಷ್ಟು ಸುಮ್ಮನಿದ್ದೀ, ಬಿಸಿಲಿಗೆ ಬೈಯುವುದು ಬಿಟ್ಟೆಯಾ ಎಂದು ಕಾಡಿಸುತ್ತಿದ್ದರು. ಬೈಯಲು ಬಾಯಿ ಬರುತ್ತಿರಲಿಲ್ಲ.

ಮಳೆ ಶುರುವಾದ ಮೇಲೆ ಹಿರ್ಯಾನ ನಳಿಕೆಗಳಲ್ಲಿ ಕೆಲವು ಹಳ್ಳಿಗಳಿಗೆ ಹೋದವು. ಮುಂದಿನ ಏಪ್ರಿಲ್ ಕೊನೆಗೆ, ನನ್ನ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗದ ಆದೇಶ ಬಂದ ವಾರವೇ, ಉಮರೇಡ್ ಆಚೆಯ ಒಂದು ಊರಿನಲ್ಲಿ ಮೊದಲ ಕರು ಹುಟ್ಟಿದ ಸುದ್ದಿ ಬಂತು. ಕೇಂದ್ರದ ಜೀಪಿನಲ್ಲಿ ಕಾಕಾ, ನಾಮದೇವ, ನಾನು ಹೋದೆವು. ಕಲ್ಲಿದ್ದಲಿನ ಲಾರಿಗಳ ಕಪ್ಪು ಧೂಳು ದಾರಿಯುದ್ದಕ್ಕೂ. ನಾಮದೇವನಿಗೆ ಮೀಸೆ ಮತ್ತೆ ಬಂದಿತ್ತು.

ಮುದುಕಿಯೊಬ್ಬಳ ಅಂಗಳ. ಬಿಳಿ ಹಸು, ಅದರ ಪಕ್ಕದಲ್ಲಿ ಆರು ದಿನದ ಕರು. ಉದ್ದ ಮುಖ, ಅಚ್ಚ ಬಿಳುಪು. ಹೆಣ್ಣುಗರು. ಎರಡು ವರ್ಷಕ್ಕೂ ಹೆಚ್ಚು ಕಾಲ ಹೊಗೆಯಾಡುವ ಚಳಿಯಲ್ಲಿ ಮಲಗಿದ್ದದ್ದು, ನಾನು ಮೂವತ್ತು ಎಂದು ಬರೆದು ತಗಡಿಗೆ ಕಳಿಸಲಿದ್ದದ್ದು, ನಾಲ್ಕು ಕಾಲ ಮೇಲೆ ನಿಂತು ನನ್ನನ್ನು ನೋಡುತ್ತಿತ್ತು. ಕಾಕಾ ಎರಡೂ ಕೈ ಎತ್ತಿ ಮುಗಿದರು. ಕರುವಿಗೋ ಹಸುವಿಗೋ ಇನ್ನಾರಿಗೋ, ನಾನು ಕೇಳಲಿಲ್ಲ, ನಾನೂ ಮುಗಿದೆ.

ನಾಮದೇವ ಕರುವನ್ನು ಮುಟ್ಟಲಿಲ್ಲ. ಒಂದು ಸುತ್ತು ಬಂದು ನೋಡಿದ. ಕಣ್ಣಿಗೆ ಕೈ ಅಡ್ಡ ಹಿಡಿದು ಹೊತ್ತು ಎಲ್ಲಿದೆ ಎಂದು ನೋಡಿದ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತ. ಅವನ ನೆರಳು ಕರುವಿನ ಮೇಲೆ ಬಿತ್ತು. ಮುದುಕಿ ನಮಗೆ ಮಜ್ಜಿಗೆ ತಂದಳು, ನಾವು ಕುಡಿದೆವು, ಅವನನ್ನು ಕರೆದೆವು. ಅವನು ಬರಲಿಲ್ಲ. ನಾವು ಹೊರಡುವ ತನಕ ಹೊತ್ತು ಸರಿದ ಹಾಗೆ ತಾನೂ ಒಂದೊಂದು ಹೆಜ್ಜೆ ಸರಿಯುತ್ತ ಅಲ್ಲೇ ನಿಂತಿದ್ದ.